ನ್ಯಾಸ್‌ಗೆ ಹೆಚ್ಚುವರಿ ರ‍್ಯಾಮ್: ಚೀಟಿ ಓದಿ ಕೊಳ್ಳಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಹಾಗೆಯೇ ಆನ್‌ಲೈನ್‌ನಲ್ಲಿ ಹಳೆ ಸಾಮಾನು ಮಾರುವ ಕಡೆಗಳಲ್ಲಿ, ದೊಡ್ಡ ಸರ್ವರ್‌ಗಳಿಂದ ಬಿಚ್ಚಿ ತೆಗೆದ ‘ಇಸಿಸಿ ಸರ್ವರ್ ರ‍್ಯಾಮ್’ ಹೊಸದಕ್ಕಿಂತ ಬಹಳ ಅಗ್ಗಕ್ಕೆ ಸಿಗುವುದುಂಟು. ಎಚ್‌ಪಿ ಮೈಕ್ರೋಸರ್ವರ್ ಜೆನ್8 ತರದ ಯಂತ್ರವನ್ನು ನ್ಯಾಸ್ (ಮನೆ, ಕಚೇರಿಯ ನೆಟ್‌ವರ್ಕಿಗೆ ಜೋಡಿಸಿ ಫೈಲುಗಳನ್ನು ಇಡುವ ಯಂತ್ರ) ಮಾಡಿಕೊಂಡವರ ಕಣ್ಣು ಮೊದಲು ಬೀಳುವುದೇ ಅದರ ಮೇಲೆ. ಯಂತ್ರಕ್ಕೆ ಇಸಿಸಿ, ಅಂದರೆ ಡೇಟಾದಲ್ಲಾಗುವ ತಪ್ಪನ್ನು ತಿದ್ದುವ ವ್ಯವಸ್ಥೆ ಬೇಕು, ಸ್ಟಿಕ್ ಮೇಲೆ ಇಸಿಸಿ ಎಂದಿದೆ, ಡಿಡಿಆರ್3 ಎಂಬ ಪೀಳಿಗೆಯ ಹೆಸರೂ ಇದೆ. ತಂದು ಹಾಕಿದರೆ ಸ್ಲಾಟಿಗೆ ಸಲೀಸಾಗಿ ಕೂರುತ್ತದೆ, ಎರಡೂ ಬದಿಯ ಕ್ಲಿಪ್ ಟಕ್ಕೆಂದು ಬೀಳುತ್ತದೆ. ಯಂತ್ರ ಮಾತ್ರ ಏಳುವುದಿಲ್ಲ.

ಕಾರಣ ಇಷ್ಟೇ: ಅದು ರೆಜಿಸ್ಟರ್ಡ್ ಸ್ಟಿಕ್, ಅಂದರೆ ಆರ್‌ಡಿಐಎಂಎಂ. ವಿಳಾಸ ಮತ್ತು ಆಜ್ಞೆಯ ಸಂಕೇತಗಳು ಅದರಲ್ಲಿ ನೇರವಾಗಿ ಮೆಮೊರಿ ಚಿಪ್‌ಗಳಿಗೆ ಹೋಗುವುದಿಲ್ಲ. ನಡುವೆ ಕೂತ ರೆಜಿಸ್ಟರ್ ಎಂಬ ಚಿಪ್ ಅವನ್ನು ಹಿಡಿದು ಮುಂದೆ ದಾಟಿಸುತ್ತದೆ. ಒಂದೇ ಬೋರ್ಡಿಗೆ ಹತ್ತಾರು ಸ್ಟಿಕ್ ತುಂಬುವ ದೊಡ್ಡ ಸರ್ವರ್‌ಗಳಿಗೆ ಅದು ಬೇಕೇ ಬೇಕು. ಆದರೆ ಜೆನ್8ರೊಳಗಿನ ಜಿಯಾನ್ ಇ3, ಆಮೇಲೆ ಬಂದ ಜಿಯಾನ್ ಇ, ಸೆಲೆರಾನ್, ಮಾಮೂಲಿ ರೈಜೆನ್, ಇವುಗಳ ಮೆಮೊರಿ ಕಂಟ್ರೋಲರ್‌ಗೆ ರೆಜಿಸ್ಟರ್ಡ್ ಸ್ಟಿಕ್ ಜೊತೆ ಮಾತಾಡಲು ಬರುವುದೇ ಇಲ್ಲ. ಬಯಾಸ್ ಹೊಸದು ಹಾಕಿದರೂ ಬರುವುದಿಲ್ಲ. ಜೆನ್8ಕ್ಕೆ ಬೇಕಾದದ್ದು ಇಸಿಸಿ ಇರುವ, ರೆಜಿಸ್ಟರ್ ಇಲ್ಲದ ಡಿಡಿಆರ್3 ಸ್ಟಿಕ್. ಎರಡು ಸ್ಲಾಟಿಗೆ ತಲಾ 8 ಜಿಬಿ, ಒಟ್ಟು 16 ಜಿಬಿ, ಅದಕ್ಕಿಂತ ಮೇಲೆ ಹೋಗಲಾಗದು. ರೆಜಿಸ್ಟರ್ಡ್ ಸ್ಟಿಕ್ ಅಗ್ಗವಾಗಿರುವುದೂ ಇದೇ ಕಾರಣಕ್ಕೆ. ಡೇಟಾ ಸೆಂಟರ್‌ಗಳಿಂದ ರಾಶಿ ರಾಶಿ ಹೊರಬರುತ್ತದೆ, ಹಾಕಿಕೊಳ್ಳಬಲ್ಲ ಯಂತ್ರಗಳು ಕಡಿಮೆ.

ನ್ಯಾಸ್‌ಗೆ ರ‍್ಯಾಮ್ ಕೊಂಡು ಕೈ ಸುಟ್ಟುಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಬೆಲೆಯಲ್ಲೋ ಬ್ರ್ಯಾಂಡಿನಲ್ಲೋ ಅಂದುಕೊಳ್ಳಬೇಡಿ. ಸ್ಟಿಕ್ ಮೇಲಿನ ಚೀಟಿಯ ಒಂದು ಸಾಲನ್ನು ಓದದೆ ಎಡವುತ್ತಾರೆ. ಆ ಸಾಲಿಗೆ ಬರುವ ಮುಂಚೆ ಎರಡು ವಿಷಯ ಖಾತ್ರಿ ಮಾಡಿಕೊಳ್ಳಬೇಕು: ರ‍್ಯಾಮ್ ನಿಜಕ್ಕೂ ಸಾಲುತ್ತಿಲ್ಲವೇ, ಮತ್ತು ಯಂತ್ರ ಎಷ್ಟು ತಡೆದುಕೊಳ್ಳುತ್ತದೆ.

ಸಾಲುತ್ತಿಲ್ಲ ಎಂದು ತಿಳಿಯುವುದು ಹೇಗೆ

ನ್ಯಾಸ್‌ನ ಮಾನಿಟರ್ ಪುಟದಲ್ಲಿ ‘ಫ್ರೀ’ ಎಂಬುದು 150 ಎಂಬಿ ತೋರಿಸಿದರೆ ಹೌಹಾರಬೇಕಿಲ್ಲ. ಬಹುತೇಕ ನ್ಯಾಸ್‌ಗಳನ್ನು ಓಡಿಸುವ ಲಿನಕ್ಸ್ ಖಾಲಿ ಬಿದ್ದ ರ‍್ಯಾಮನ್ನೆಲ್ಲ ಫೈಲುಗಳ ಕ್ಯಾಷೆಗೆ (ಈಚೆಗೆ ಓದಿದ್ದನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲು) ಬಳಸಿಕೊಳ್ಳುತ್ತದೆ, ಬೇರೆ ಕೆಲಸಕ್ಕೆ ಬೇಕಾದೊಡನೆ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ‘ಅವೇಲೆಬಲ್’ ಎಂಬ ಅಂಕಿ. ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಆಜ್ಞೆ ಕೊಡುವ ದಾರಿ) ಮೂಲಕ ಒಳಹೊಕ್ಕು ‘ಫ್ರೀ’ ಆಜ್ಞೆ ಕೊಟ್ಟರೆ ಬಲತುದಿಯ ಕಾಲಂನಲ್ಲಿ ಅದು ಸಿಗುತ್ತದೆ. ಒಟ್ಟು ರ‍್ಯಾಮಿನ ಕಾಲುಭಾಗದಷ್ಟು ಅಲ್ಲಿ ಸದಾ ಉಳಿಯುತ್ತಿದ್ದರೆ ಹೊಸ ಸ್ಟಿಕ್ಕಿನಿಂದ ನಿಮಗೆ ಕಾಣುವಂಥ ಲಾಭ ಏನೂ ಇಲ್ಲ.

ಇನ್ನೂ ಖಚಿತವಾದ ಪರೀಕ್ಷೆ ‘ವಿಎಂಸ್ಟ್ಯಾಟ್’. ಅದಕ್ಕೆ 5 ಎಂಬ ಅಂಕಿ ಜೋಡಿಸಿ ಕೊಟ್ಟರೆ ಐದು ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಸಾಲನ್ನು ಬಿಟ್ಟುಬಿಡಿ, ಅದು ಯಂತ್ರ ಆನ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ಆಮೇಲಿನ ಸಾಲುಗಳಲ್ಲಿ ‘ಎಸ್‌ಐ’, ‘ಎಸ್‌ಒ’ ಎಂಬ ಎರಡು ಕಾಲಂ ನೋಡಿ. ಸ್ವಾಪ್ ಎಂಬ, ಡಿಸ್ಕಿನಲ್ಲಿ ಕಾದಿಟ್ಟ ಜಾಗದಿಂದ ರ‍್ಯಾಮಿಗೆ, ರ‍್ಯಾಮಿನಿಂದ ಸ್ವಾಪಿಗೆ ಎಷ್ಟು ಓಡಾಟ ಇದೆ ಎಂದು ಅವು ಹೇಳುತ್ತವೆ. ಸ್ವಾಪ್ ಜಾಗ ಒಂದಷ್ಟು ತುಂಬಿದ್ದರೆ ದೋಷವಲ್ಲ. ಯಾವತ್ತೋ ಮಲಗಿದ ಪ್ರೋಗ್ರಾಮುಗಳನ್ನು ಲಿನಕ್ಸ್ ಅಲ್ಲಿಗೆ ತಳ್ಳಿರುತ್ತದೆ. ಆದರೆ ನೀವು ಕೆಲಸ ಮಾಡುವ ಹೊತ್ತಿನಲ್ಲಿ ಈ ಎರಡು ಕಾಲಂಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿಗಳೇ ಬರುತ್ತಿದ್ದರೆ, ಜೊತೆಗೆ ಡಿಸ್ಕ್‌ಗಳು ಎಡೆಬಿಡದೆ ಕರಕರ ಅನ್ನುತ್ತಿದ್ದರೆ, ರ‍್ಯಾಮ್ ಸಾಲುತ್ತಿಲ್ಲ. ಹಗಲು ನೋಡಿ ಸುಮ್ಮನಾಗಬೇಡಿ. ಬ್ಯಾಕಪ್ ನಡೆಯುವಾಗ, ಫೋಟೊಗಳ ಮುಖ ಗುರುತಿಸುವ ಕೆಲಸ ನಡೆಯುವಾಗ, ಅದೂ ಬಹುಪಾಲು ರಾತ್ರಿ, ಒಮ್ಮೆ ನೋಡಿ.

ರ‍್ಯಾಮಿನಿಂದ ಸರಿಹೋಗದ ದೂರುಗಳೂ ಇವೆ. ಗಿಗಾಬಿಟ್ ಕೇಬಲ್‌ನಲ್ಲಿ ಫೈಲ್ ಕಾಪಿ ಸೆಕೆಂಡಿಗೆ 110 ಎಂಬಿ ಆಸುಪಾಸಿನಲ್ಲಿ ನಿಂತರೆ ಅದು ಕೇಬಲ್ಲಿನ ಮಿತಿ, 64 ಜಿಬಿ ಹಾಕಿದರೂ ಕದಲುವುದಿಲ್ಲ. ವೈಫೈನಲ್ಲಿ 30 ಎಂಬಿ ಬಂದರೆ ಅದು ವೈಫೈ ಕತೆ. ಸಿನಿಮಾ ಟ್ರಾನ್ಸ್‌ಕೋಡ್ (ಬೇರೆ ರೂಪಕ್ಕೆ ಬದಲು) ಆಗುವಾಗ ತಡವರಿಸಿದರೆ ಪ್ರೊಸೆಸರ್ ಅಥವಾ ಅದರೊಳಗಿನ ಗ್ರಾಫಿಕ್ಸ್ ಕಡೆ ನೋಡಬೇಕು. ಬರೀ ಫೈಲ್ ಇಡಲು, ಫೋನಿನ ಫೋಟೊ ಬ್ಯಾಕಪ್‌ಗೆ 2 ಜಿಬಿ ಯಂತ್ರವೂ ಸಾಕಾಗುತ್ತದೆ. ರ‍್ಯಾಮ್ ತಿನ್ನುವುದು ಕಂಟೇನರ್‌ಗಳು, ವರ್ಚುವಲ್ ಮೆಷಿನ್‌ಗಳು, ಡೇಟಾಬೇಸ್ ಇಟ್ಟುಕೊಂಡ ಆ್ಯಪ್‌ಗಳು. ಮನೆಯ ಫೋಟೊಗಳಿಗೆ ಇಮಿಚ್ ಎಂಬ ಆ್ಯಪ್ ಹಾಕಿಕೊಳ್ಳುವವರು ಈಚೆಗೆ ಹೆಚ್ಚಾಗಿದ್ದಾರೆ. ಮುಖ ಗುರುತಿಸುವ ಭಾಗವನ್ನೂ ಸೇರಿಸಿ ಓಡಿಸಲು ಸಿನಾಲಜಿ ಕಂಪನಿಯ 2 ಜಿಬಿ ನ್ಯಾಸ್‌ನಲ್ಲಿ ಸಾಧ್ಯವೇ ಇಲ್ಲ, 8 ಜಿಬಿ ಇದ್ದರೆ ನೆಮ್ಮದಿ.

ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ಲೆಕ್ಕ ಬೇರೆ. ಅದನ್ನು ಬಳಸುವ ಟ್ರೂನ್ಯಾಸ್ ಎಂಬ ನ್ಯಾಸ್ ತಂತ್ರಾಂಶಕ್ಕೆ ಕನಿಷ್ಠ 8 ಜಿಬಿ ಬೇಕು. ಝಡ್‌ಎಫ್‌ಎಸ್ ಕ್ಯಾಷೆಗೆ ಆರ್ಕ್ ಎಂದು ಹೆಸರು, ಸಿಕ್ಕ ರ‍್ಯಾಮನ್ನೆಲ್ಲ ಅದು ತುಂಬಿಕೊಳ್ಳುತ್ತದೆ, ತುಂಬಿಕೊಳ್ಳಲೆಂದೇ ಅದನ್ನು ಕಟ್ಟಿರುವುದು. ‘ಫ್ರೀ’ ಆಜ್ಞೆ ಈ ಆರ್ಕನ್ನು ಕ್ಯಾಷೆಯ ಖಾತೆಗೆ ಹಾಕದೆ ‘ಬಳಕೆಯಲ್ಲಿದೆ’ ಎಂದು ತೋರಿಸುವುದರಿಂದ ಹೊಸಬರು ಗಾಬರಿಯಾಗಿ ರ‍್ಯಾಮ್ ಕೊಳ್ಳಲು ಓಡುತ್ತಾರೆ. ಅಲ್ಲಿ ನೋಡಬೇಕಾದ್ದು ‘ಆರ್ಕ್ ಸಮರಿ’ ಕೊಡುವ ಹಿಟ್ ಪ್ರಮಾಣ. ಅದು 95 ಶೇಕಡಾ ದಾಟಿದ್ದರೆ ಓದುವ ಕೆಲಸವೆಲ್ಲ ರ‍್ಯಾಮಿನಿಂದಲೇ ನಡೆಯುತ್ತಿದೆ ಎಂದರ್ಥ, ದುಡ್ಡು ಉಳಿಸಿ. ‘ಒಂದು ಟಿಬಿ ಡಿಸ್ಕಿಗೆ ಒಂದು ಜಿಬಿ ರ‍್ಯಾಮ್’ ಎಂಬ ಸೂತ್ರವನ್ನು ಎಲ್ಲರೂ ಒಪ್ಪಿಸುತ್ತಾರೆ. ಹತ್ತಾರು ಜನ ಒಟ್ಟಿಗೆ ಬಳಸುವ ಕಚೇರಿಗೆ ಅದು ಸರಿ ಇರಬಹುದು. ಸಿನಿಮಾ, ಫೋಟೊ ಇಟ್ಟುಕೊಂಡ ಮನೆಯ 32 ಟಿಬಿ ಪೂಲ್ (ಒಟ್ಟುಗೂಡಿಸಿದ ಡಿಸ್ಕ್‌ಗಳ ಜಾಗ) 16 ಜಿಬಿಯಲ್ಲಿ ಆರಾಮವಾಗಿ ಓಡುತ್ತದೆ. ಡೀಡ್ಯೂಪ್ (ಒಂದೇ ಡೇಟಾ ಹಲವು ಕಡೆ ಇದ್ದರೆ ಒಂದೇ ಪ್ರತಿ ಇಡುವ ಸೌಲಭ್ಯ) ಆನ್ ಮಾಡಿದರೆ ಮಾತ್ರ ಮಾತು ಬದಲು. ಪ್ರತಿ ಬ್ಲಾಕಿಗೂ ಸುಮಾರು 320 ಬೈಟಿನ ಒಂದು ದಾಖಲೆ ರ‍್ಯಾಮಿನಲ್ಲಿರಬೇಕು. 128 ಕೆಬಿ ಬ್ಲಾಕ್ ಆದರೆ ಒಂದು ಟಿಬಿಗೆ ಸುಮಾರು 84 ಲಕ್ಷ ಬ್ಲಾಕ್, ಅಂದರೆ ಸುಮಾರು 2.7 ಜಿಬಿ ಬರೀ ಪಟ್ಟಿಗೇ. ಬ್ಲಾಕ್ ಚಿಕ್ಕದಾದರೆ ಇದು ದುಪ್ಪಟ್ಟು, ನಾಲ್ಕುಪಟ್ಟು. ಮನೆಯಲ್ಲಿ ಡೀಡ್ಯೂಪ್ ಆನ್ ಮಾಡಲೇಬೇಡಿ ಎಂಬುದು ನನ್ನ ಅಭಿಪ್ರಾಯ. ಆ ದುಡ್ಡಿಗೆ ಇನ್ನೊಂದು ಡಿಸ್ಕ್ ಬರುತ್ತದೆ.

ಯಂತ್ರ ಎಷ್ಟು ತೆಗೆದುಕೊಳ್ಳುತ್ತದೆ

ಕೆಲವು ನ್ಯಾಸ್‌ಗಳಲ್ಲಿ ಸ್ಲಾಟೇ ಇರುವುದಿಲ್ಲ. ಸಿನಾಲಜಿ ಡಿಎಸ್223ರಲ್ಲಿ 2 ಜಿಬಿಯನ್ನು ಬೋರ್ಡಿಗೇ ಬೆಸೆದಿದ್ದಾರೆ, ಹೆಚ್ಚಿಸಲು ದಾರಿಯಿಲ್ಲ. ಹೆಸರಿನ ಕೊನೆಗೆ ಪ್ಲಸ್ ಇರುವ ಮಾದರಿಗಳಲ್ಲಿ ಸಾಮಾನ್ಯವಾಗಿ ಸ್ಲಾಟ್ ಇರುತ್ತದೆ. ಡಿಎಸ್220 ಪ್ಲಸ್‌ನಲ್ಲಿ 2 ಜಿಬಿ ಬೆಸೆದದ್ದು, ಮೇಲೆ ಒಂದು ಸ್ಲಾಟ್. ಕಂಪನಿ ಒಪ್ಪುವ ಗರಿಷ್ಠ 6 ಜಿಬಿ. ಡಿಎಸ್224 ಪ್ಲಸ್ ಕೂಡ ಹಾಗೆಯೇ. ಡಿಎಸ್920 ಪ್ಲಸ್‌ನಲ್ಲಿ 4 ಜಿಬಿ ಬೆಸೆದದ್ದು, ಒಂದು ಸ್ಲಾಟ್, ಗರಿಷ್ಠ 8 ಜಿಬಿ. ಡಿಎಸ್923 ಪ್ಲಸ್‌ನಲ್ಲಿ ಬೆಸೆದದ್ದು ಏನೂ ಇಲ್ಲ. ಎರಡು ಸ್ಲಾಟ್, ಒಂದರಲ್ಲಿ 4 ಜಿಬಿ ಇಸಿಸಿ ಸ್ಟಿಕ್, ಗರಿಷ್ಠ 32 ಜಿಬಿ. ಇಲ್ಲೊಂದು ಲೆಕ್ಕ ತಪ್ಪಿಸಿಕೊಳ್ಳುವವರಿದ್ದಾರೆ. 32 ಆಗಬೇಕಾದರೆ 16ರ ಎರಡು ಸ್ಟಿಕ್ ಬೇಕು, ಯಂತ್ರದ ಜೊತೆ ಬಂದ 4 ಜಿಬಿ ಹೊರಬರುತ್ತದೆ. ಬರೀ ಒಂದು 16 ತಂದು ಹಳೆಯದರ ಪಕ್ಕಕ್ಕೆ ಹಾಕಿದರೆ 20 ಜಿಬಿ. ಮುಂದೆಂದೋ ಇನ್ನೊಂದು 16 ಸೇರಿಸುವ ಯೋಚನೆಯಿದ್ದರೆ ಈಗ 8ರ ಎರಡು ಸ್ಟಿಕ್ ಕೊಳ್ಳುವುದು ದುಡ್ಡು ದಂಡ.

ಕಂಪನಿ ಹೇಳುವ ಗರಿಷ್ಠಕ್ಕೂ ಯಂತ್ರ ನಿಜಕ್ಕೂ ಗುರುತಿಸುವ ಗರಿಷ್ಠಕ್ಕೂ ಅಂತರವಿದೆ. ಡಿಎಸ್920 ಪ್ಲಸ್‌ನೊಳಗಿನ ಸೆಲೆರಾನ್ ಜೆ4125ಕ್ಕೆ ಇಂಟೆಲ್ ಬರೆದಿರುವ ಗರಿಷ್ಠ 8 ಜಿಬಿ. ಆದರೂ ಅದಕ್ಕೆ 16 ಜಿಬಿ ಸ್ಟಿಕ್ ಹಾಕಿ 20 ಜಿಬಿಯಲ್ಲಿ ವರ್ಷಗಟ್ಟಲೆ ಓಡಿಸುತ್ತಿರುವವರು ಜಗತ್ತಿನ ತುಂಬ ಇದ್ದಾರೆ. ಇಂಟೆಲ್ ಎನ್100 ಪ್ರೊಸೆಸರ್‌ಗೆ ಬರೆದ ಗರಿಷ್ಠ 16, 32 ಹಾಕಿದರೂ ಅನೇಕ ಬೋರ್ಡುಗಳು ಎದ್ದು ಓಡುತ್ತವೆ. ಹಾಗೆ ಮಾಡಬಹುದೇ ಎಂದರೆ, ಎರಡು ಷರತ್ತು ಹಾಕಿಕೊಂಡು ಮಾಡಬಹುದು. ಒಂದು, ನಿಮ್ಮದೇ ಮಾದರಿಯಲ್ಲಿ ಅದೇ ಪಾರ್ಟ್ ನಂಬರಿನ ಸ್ಟಿಕ್ ಓಡಿದ ಉದಾಹರಣೆ ಇರಬೇಕು. ‘16 ಜಿಬಿ ಓಡುತ್ತದೆ’ ಎಂಬ ಬಾಯಿಮಾತು ಸಾಲದು. ಇನ್ನೊಂದು, ಓಡದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಅಂಗಡಿಯವರು ಬಿಲ್ಲಿನ ಮೇಲೆ ಬರೆದುಕೊಡಬೇಕು. ಕಚೇರಿಯ ಲೆಕ್ಕಪತ್ರ ಇರುವ ಯಂತ್ರದಲ್ಲಿ ಮಾತ್ರ ಕಂಪನಿ ಹೇಳಿದ ಗಡಿ ದಾಟಬೇಡಿ.

ಚೀಟಿಯ ಸಾಲು

ಒಂದು ಸ್ಟಿಕ್ ಕೈಗೆ ತೆಗೆದುಕೊಳ್ಳಿ. ಸ್ಯಾಮ್ಸಂಗ್‌ನ ಮಾಮೂಲಿ ಲ್ಯಾಪ್‌ಟಾಪ್ ಸ್ಟಿಕ್ ಮೇಲಿನ ಚೀಟಿಯಲ್ಲಿ ಇಂಥದೊಂದು ಸಾಲು ಇರುತ್ತದೆ: 8ಜಿಬಿ 1ಆರ್‌ಎಕ್ಸ್8 ಪಿಸಿ4-2666ವಿ-ಎಸ್‌ಎ1-11. ಇಡೀ ಜಾತಕ ಇದರಲ್ಲೇ ಇದೆ.

8 ಜಿಬಿ ಅಳತೆ. ಪಿಸಿ4 ಅಂದರೆ ಡಿಡಿಆರ್4. 2666 ಅದರ ವೇಗ, ಅದಕ್ಕಂಟಿದ ‘ವಿ’ ಲೇಟೆನ್ಸಿಯ, ಅಂದರೆ ಉತ್ತರ ಕೊಡಲು ಹಿಡಿಯುವ ಸಮಯದ ದರ್ಜೆ. ಆಮೇಲೆ ಬರುವ ಗುಂಪಿನ ಮೊದಲ ಅಕ್ಷರವೇ ನಿಮ್ಮ ದುಡ್ಡು ಉಳಿಸುವ ಅಕ್ಷರ. ಇಲ್ಲಿ ಅದು ‘ಎಸ್’: ಸೋಡಿಮ್, ಅಂದರೆ ಲ್ಯಾಪ್‌ಟಾಪ್ ಅಳತೆಯ ಗಿಡ್ಡ ಸ್ಟಿಕ್, ಇಸಿಸಿ ಇಲ್ಲ. ಅಲ್ಲಿ ‘ಟಿ’ ಇದ್ದರೆ ಇಸಿಸಿ ಇರುವ ಸೋಡಿಮ್. ‘ಯು’ ಇದ್ದರೆ ಡೆಸ್ಕ್‌ಟಾಪ್‌ನ ಉದ್ದ ಸ್ಟಿಕ್, ‘ಇ’ ಇದ್ದರೆ ಇಸಿಸಿ ಇರುವ ಉದ್ದ ಸ್ಟಿಕ್. ‘ಆರ್’ ಇದ್ದರೆ ರೆಜಿಸ್ಟರ್ಡ್, ‘ಎಲ್’ ಇದ್ದರೆ ಲೋಡ್ ರೆಡ್ಯೂಸ್ಡ್, ಅದೂ ದೊಡ್ಡ ಸರ್ವರ್‌ಗಳದೇ. ಇವೆರಡನ್ನೂ ಸಣ್ಣ ನ್ಯಾಸ್‌ಗೆಂದು ಯಾರು ಕೊಟ್ಟರೂ ಮುಟ್ಟಬೇಡಿ. ಹಳೆಯ ಡಿಡಿಆರ್3ರಲ್ಲಿ ಬರಹದ ಕ್ರಮ ತುಸು ಬೇರೆ, ಅಕ್ಷರ ಕೊನೆಗೆ ಅಂಟಿಕೊಂಡಿರುತ್ತದೆ: ಪಿಸಿ3ಎಲ್-12800ಎಸ್ ಅಂದರೆ ಸೋಡಿಮ್, 12800ಇ ಅಂದರೆ ಇಸಿಸಿ, 12800ಆರ್ ಅಂದರೆ ರೆಜಿಸ್ಟರ್ಡ್. ಮೊದಲು ಹೇಳಿದ ಜೆನ್8ಕ್ಕೆ ಕೊನೆಯಲ್ಲಿ ‘ಇ’ ಇರಬೇಕು. ಇಲ್ಲಿನ 12800 ಎಂಬುದು ಸೆಕೆಂಡಿಗೆ ಎಷ್ಟು ಎಂಬಿ ಎಂಬ ಅಂಕಿ, ಎಂಟರಿಂದ ಭಾಗಿಸಿದರೆ 1600 ಎಂಬ ವೇಗ ಸಿಗುತ್ತದೆ. ಪಿಸಿ4-21300 ಎಂದು ಬರೆದಿದ್ದರೂ ಹಾಗೆಯೇ, ಅದು 2666.

‘ಪಿಸಿ3ಎಲ್’ನಲ್ಲಿರುವ ‘ಎಲ್’ ಮರೆಯುವಂತಿಲ್ಲ. ಡಿಡಿಆರ್3 ಓಡುವುದು 1.5 ವೋಲ್ಟಿನಲ್ಲಿ, ಡಿಡಿಆರ್3ಎಲ್ 1.35ರಲ್ಲಿ. ಎರಡಕ್ಕೂ ಸೋಡಿಮ್ ಆದರೆ 204 ಪಿನ್, ಹಲ್ಲುಗಳ ಅಂಚಿನಲ್ಲಿರುವ ಕಚ್ಚೂ ಒಂದೇ ಕಡೆ. ಡಿಎಸ್218 ಪ್ಲಸ್, ಡಿಎಸ್918 ಪ್ಲಸ್ ಕಾಲದ ಯಂತ್ರಗಳಿಗೆ ‘ಎಲ್’ ಇರುವುದೇ ಬೇಕು. ‘ಎಲ್’ ಇಲ್ಲದ ಸ್ಟಿಕ್ ಕೂರುತ್ತದೆ, ಯಂತ್ರ ಏಳುವುದಿಲ್ಲ. ಡಿಡಿಆರ್4 ಸೋಡಿಮ್‌ಗೆ 260 ಪಿನ್, ಡಿಡಿಆರ್5ಕ್ಕೆ 262. ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಅಲ್ಲಿ ಅದಲು ಬದಲಾಗುವ ಭಯವಿಲ್ಲ.

1ಆರ್‌ಎಕ್ಸ್8 ಎಂಬುದನ್ನು ಹೆಚ್ಚಿನವರು ದಾಟಿ ಹೋಗುತ್ತಾರೆ. ಒಂದು ರ‍್ಯಾಂಕ್ (ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು), ಪ್ರತಿ ಚಿಪ್ 8 ಬಿಟ್ ಅಗಲ ಎಂದು ಅದರ ಅರ್ಥ. 64 ಬಿಟ್ ಆಗಲು ಎಂಟು ಚಿಪ್ ಬೇಕು. 8 ಜಿಬಿಯನ್ನು ಎಂಟರಿಂದ ಭಾಗಿಸಿದರೆ ಒಂದೊಂದು ಚಿಪ್ 1 ಜಿಬಿ, ಅಂದರೆ 8 ಗಿಗಾಬಿಟ್. ಈಚಿನ ಅಗ್ಗದ 8 ಜಿಬಿ ಸ್ಟಿಕ್‌ಗಳಲ್ಲಿ 1ಆರ್‌ಎಕ್ಸ್16 ಇರುತ್ತದೆ. ನಾಲ್ಕೇ ಚಿಪ್, ಒಂದೊಂದೂ 16 ಗಿಗಾಬಿಟ್. ಹಳೆಯ ಕಂಟ್ರೋಲರ್‌ಗಳಿಗೆ ಇಷ್ಟು ದಟ್ಟ ಚಿಪ್‌ಗಳ ವಿಳಾಸ ಹಾಕುವುದು ಗೊತ್ತಿರದಿದ್ದರೆ ಯಂತ್ರ ಅರ್ಧ ಜಾಗವನ್ನಷ್ಟೇ ತೋರಿಸುತ್ತದೆ, ಇಲ್ಲವೇ ಏಳುವುದೇ ಇಲ್ಲ. ಡಿಡಿಆರ್3ಎಲ್‌ನ 8 ಜಿಬಿ ಸ್ಟಿಕ್ ಕೊಳ್ಳುವಾಗಲೂ ಇದೇ ಎಚ್ಚರ: ಹದಿನಾರು ಚಿಪ್ ಇರುವ 2ಆರ್‌ಎಕ್ಸ್8 ಆರಿಸಿಕೊಳ್ಳಿ. ಆನ್‌ಲೈನ್ ಅಂಗಡಿಗಳು ಚಿತ್ರ ಒಂದು ಹಾಕಿ ಸ್ಟಿಕ್ ಇನ್ನೊಂದು ಕಳಿಸುತ್ತವೆ, ಆದ್ದರಿಂದ ಪೊಟ್ಟಣ ಒಡೆಯುವ ಮುಂಚೆ ಪ್ಲಾಸ್ಟಿಕ್ಕಿನ ಮೂಲಕವೇ ಚಿಪ್ ಎಣಿಸಿ. ಒಂದು ಬದಿಯಲ್ಲಿ ಒಂಬತ್ತು ಚಿಪ್ ಕಂಡರೆ ಇಸಿಸಿ. ಒಂಬತ್ತರ ಜೊತೆಗೆ ಉದ್ದ ಸ್ಟಿಕ್ಕಿನ ನಡುಮಧ್ಯೆ ಬೇರೆ ಆಕಾರದ ಇನ್ನೊಂದು ಚಿಪ್ ಕೂತಿದ್ದರೆ ಅದೇ ರೆಜಿಸ್ಟರ್.

ಚೀಟಿ ಹರಿದಿದ್ದರೆ ಪಾರ್ಟ್ ನಂಬರ್ ನೋಡಿ. ಸ್ಯಾಮ್ಸಂಗ್‌ನಲ್ಲಿ ಎಂ471 ಮಾಮೂಲಿ ಸೋಡಿಮ್, ಎಂ474 ಇಸಿಸಿ ಸೋಡಿಮ್, ಎಂ378 ಡೆಸ್ಕ್‌ಟಾಪ್, ಎಂ391 ಇಸಿಸಿ ಡೆಸ್ಕ್‌ಟಾಪ್, ಎಂ393 ರೆಜಿಸ್ಟರ್ಡ್, ಎಂ386 ಲೋಡ್ ರೆಡ್ಯೂಸ್ಡ್. ಬಳಸಿದ ಮಾಲು ಕೊಳ್ಳುವವರು ಈ ಆರು ಅಂಕಿಗಳನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಹೋಗಿ. ಪಾರ್ಟ್ ನಂಬರೂ ಕಾಣದಿದ್ದರೆ ಆ ಸ್ಟಿಕ್ ಬೇಡ.

ವೇಗದ ಚಿಂತೆ ಬೇಡ. 3200ರ ಸ್ಟಿಕ್ಕನ್ನು 2400ರ ಯಂತ್ರಕ್ಕೆ ಹಾಕಿದರೆ 2400ರಲ್ಲಿ ಓಡುತ್ತದೆ. ಬೇರೆ ಬೇರೆ ವೇಗದ ಎರಡು ಸ್ಟಿಕ್ ಇದ್ದರೆ ನಿಧಾನದ್ದರ ವೇಗಕ್ಕೆ ಎರಡೂ ಇಳಿಯುತ್ತವೆ. ಎಕ್ಸ್‌ಎಂಪಿ (ಮಾಮೂಲಿಗಿಂತ ಹೆಚ್ಚಿನ ವೇಗದ ಸೆಟ್ಟಿಂಗ್) ಇರುವ ಗೇಮಿಂಗ್ ಸ್ಟಿಕ್‌ಗೆ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಅದನ್ನು ಆನ್ ಮಾಡುವ ಸೆಟ್ಟಿಂಗ್ ಸಿನಾಲಜಿ ತರದ ಯಂತ್ರಗಳಲ್ಲಿ ಇಲ್ಲವೇ ಇಲ್ಲ.

ಇಸಿಸಿ

ಪ್ರೊಸೆಸರ್, ಬೋರ್ಡ್, ಸ್ಟಿಕ್ ಮೂರೂ ಒಪ್ಪಿದರೆ ಮಾತ್ರ ಇಸಿಸಿ ಕೆಲಸ ಮಾಡುತ್ತದೆ. ಸೆಲೆರಾನ್ ಜೆ ಸರಣಿ, ಎನ್100, ಇವುಗಳಲ್ಲಿ ಅದಿಲ್ಲ. ಇಸಿಸಿ ಸೋಡಿಮ್ ಹಾಕಿದರೆ ಕೆಲವು ಯಂತ್ರ ಎದ್ದೀತು, ತಿದ್ದುವ ಕೆಲಸ ನಡೆಯದು. ರೈಜೆನ್ ಆರ್1600 ಇರುವ ಡಿಎಸ್923 ಪ್ಲಸ್, ವಿ1500ಬಿ ಇರುವ ಡಿಎಸ್1621 ಪ್ಲಸ್, ಇವುಗಳಲ್ಲಿ ಇದೆ. ಸ್ಟಿಕ್ ಕೂಡ ಇಸಿಸಿ ಸೋಡಿಮ್ಮೇ ಬರುತ್ತದೆ. ಅದೇ ವಿ1500ಬಿ ಇರುವ ಕ್ಯುನ್ಯಾಪ್ ಕಂಪನಿಯ ಟಿಎಸ್-473ಎ 64 ಜಿಬಿವರೆಗೆ ತೆಗೆದುಕೊಳ್ಳುತ್ತದೆ, ಇಸಿಸಿಯನ್ನೂ ಒಪ್ಪುತ್ತದೆ, ಆದರೆ ಜೊತೆಗೆ ಬರುವ 8 ಜಿಬಿ ಸ್ಟಿಕ್ಕಿನಲ್ಲಿ ಇಸಿಸಿ ಇಲ್ಲ. ಒಂದರಲ್ಲಿ ಇಸಿಸಿ, ಇನ್ನೊಂದರಲ್ಲಿ ಇಲ್ಲ ಎಂಬ ಬೆರಕೆ ಬೇಡ. ಇಸಿಸಿ ಬೇಕೆಂದರೆ ಹಳೆಯದನ್ನು ತೆಗೆದು ಎರಡನ್ನೂ ಇಸಿಸಿ ಹಾಕಿ.

ಸ್ವಂತ ಜೋಡಿಸುವವರು ಗಮನಿಸಿ: ಎಎಂಡಿಯ ಎಎಂ4 ಬೋರ್ಡಿನಲ್ಲಿ ‘ಜಿ’ ಅಂತ್ಯದ ರೈಜೆನ್ ಹಾಕಿದರೆ, ಅದು ಪ್ರೋ ಆಗಿರದಿದ್ದರೆ, ಇಸಿಸಿ ನಡೆಯುವುದಿಲ್ಲ. ಇಂಟೆಲ್‌ನ 12ರಿಂದ 14ನೇ ಪೀಳಿಗೆಯವರೆಗಿನ ಕೋರ್ ಪ್ರೊಸೆಸರ್‌ಗಳಿಗೆ ಡಬ್ಲ್ಯು680 ತರದ ಚಿಪ್‌ಸೆಟ್‌ನ ಬೋರ್ಡ್ ಬೇಕು. ಡಿಡಿಆರ್5ರಲ್ಲಿ ‘ಆನ್ ಡೈ ಇಸಿಸಿ’ ಎಂದು ಬರೆದಿರುವುದನ್ನು ತೋರಿಸಿ ಮಾರುವವರಿದ್ದಾರೆ. ಅದು ಚಿಪ್ಪಿನೊಳಗಿನ ದೋಷವನ್ನು ಚಿಪ್ಪೇ ತಿದ್ದಿಕೊಳ್ಳುವ ವ್ಯವಸ್ಥೆ, ಎಲ್ಲ ಡಿಡಿಆರ್5ರಲ್ಲೂ ಇರುತ್ತದೆ. ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆದ ತಪ್ಪನ್ನು ಅದು ಹಿಡಿಯುವುದಿಲ್ಲ, ಆದ ತಪ್ಪಿನ ವರದಿಯನ್ನೂ ನಿಮಗೆ ಕೊಡುವುದಿಲ್ಲ.

ಹಾಕಿದ ಮೇಲೆ ಖಾತ್ರಿ ಮಾಡಿಕೊಳ್ಳುವುದು ಸುಲಭ. ‘ಡಿಎಂಐಡಿಕೋಡ್’ ಆಜ್ಞೆಗೆ 17ನೇ ಬಗೆ ಕೇಳಿದರೆ ಪ್ರತಿ ಸ್ಟಿಕ್ಕಿನ ವಿವರ ಬರುತ್ತದೆ. ಡಿಡಿಆರ್4 ಸ್ಟಿಕ್ಕಿಗೆ ಡೇಟಾ ಅಗಲ 64, ಒಟ್ಟು ಅಗಲ 72 ಎಂದಿದ್ದರೆ ಅದು ಇಸಿಸಿ ಸ್ಟಿಕ್. 16ನೇ ಬಗೆ ಕೇಳಿದರೆ ಯಂತ್ರ ತಿದ್ದುವಿಕೆಯನ್ನು ಒಪ್ಪಿಕೊಂಡಿದೆಯೇ ಎಂದು ಹೇಳುತ್ತದೆ.

ಯಾವ ಕಂಪನಿಯದು, ಎಲ್ಲಿಂದ

ಸಿನಾಲಜಿ ತನ್ನದೇ ಹೆಸರಿನ ಸ್ಟಿಕ್ ಮಾರುತ್ತದೆ, ಅಷ್ಟೇ ಅಳತೆಯ ಕಿಂಗ್‌ಸ್ಟನ್‌ಗಿಂತ ಬೆಲೆ ಬಹಳ ಜಾಸ್ತಿ. ಬೇರೆ ಕಂಪನಿಯದು ಹಾಕಿದರೆ ನ್ಯಾಸ್ ಓಡಿಸುವ ಸಿನಾಲಜಿಯ ತಂತ್ರಾಂಶ ಡಿಎಸ್‌ಎಂ ಒಂದು ಎಚ್ಚರಿಕೆ ತೋರಿಸುತ್ತದೆ, ಯಂತ್ರ ಓಡುತ್ತದೆ. ತೊಂದರೆ ಬಂದು ಸಪೋರ್ಟ್ ಕೇಳಿದಾಗ ಮಾತ್ರ ‘ಮೊದಲು ನಮ್ಮ ಸ್ಟಿಕ್ ಹಾಕಿ ನೋಡಿ’ ಎನ್ನುವ ಹಕ್ಕು ಅವರಿಗಿದೆ. ಮನೆ ಬಳಕೆಗೆ ಬೇರೆ ಕಂಪನಿಯ ಒಳ್ಳೆಯ ಸ್ಟಿಕ್ ಸಾಕು ಎಂದೇ ನಾನು ಹೇಳುವುದು. ಸಪೋರ್ಟ್ ಒಪ್ಪಂದಕ್ಕೆ ದುಡ್ಡು ಕಟ್ಟಿರುವ ಕಚೇರಿಗಳು ಕಂಪನಿಯದೇ ಹಾಕಲಿ, ಅಲ್ಲಿ ಒಂದು ದಿನ ಕೆಲಸ ನಿಂತರೆ ಸ್ಟಿಕ್ಕಿನ ಬೆಲೆಗಿಂತ ಹೆಚ್ಚು ನಷ್ಟ.

2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ತಯಾರಕರು ಹೊರಳಿದ್ದು ಕಾರಣ. ಕ್ರೂಶಿಯಲ್ ಹೆಸರಿನಲ್ಲಿ ಗ್ರಾಹಕರಿಗೆ ಮಾರುವ ವ್ಯಾಪಾರವನ್ನು ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಮಾರಿದ ಮಾಲಿನ ವಾರಂಟಿ ಮುಂದುವರಿಯುತ್ತದೆ ಎಂದೂ ಹೇಳಿತು. ಬೆಲೆ ಹೀಗಿರುವಾಗ ಬಳಸಿದ ಸ್ಟಿಕ್ ಕೊಳ್ಳುವುದು ತಪ್ಪಲ್ಲ. ರ‍್ಯಾಮಿನಲ್ಲಿ ತಿರುಗುವ, ಸವೆಯುವ ಭಾಗವಿಲ್ಲ, ಹಳೆಯದಾದ ಮಾತ್ರಕ್ಕೆ ಕೆಡುವುದಿಲ್ಲ. ಪರೀಕ್ಷಿಸಿ ವಾಪಸ್ ಕೊಡಲು ಒಂದು ವಾರ ಸಮಯ ಇರಬೇಕು, ಅಷ್ಟು ಮಾತಾಡಿಕೊಳ್ಳಿ. ಹೊಸದು ಕೊಳ್ಳುವಾಗ 18 ಶೇಕಡಾ ಜಿಎಸ್‌ಟಿ ಸೇರಿದ ಬಿಲ್ ಕೇಳಿ, ಅದರ ಮೇಲೆ ಸ್ಟಿಕ್ಕಿನ ಸೀರಿಯಲ್ ನಂಬರ್ ಬರೆಸಿ. ಬಿಲ್ ಇಲ್ಲದೆ ನೂರಿನ್ನೂರು ಉಳಿಸಿದರೆ ವಾರಂಟಿ ಹೊತ್ತಿಗೆ ಅಂಗಡಿಯವರೂ ವಿತರಕರೂ ಕೈ ಎತ್ತುತ್ತಾರೆ.

ಹಾಕುವುದು

ಮೊದಲು ಬ್ಯಾಕಪ್ ಇದೆಯೇ ನೋಡಿ. ಆಮೇಲೆ ನ್ಯಾಸ್‌ನ ಮೆನುವಿನಿಂದಲೇ ಶಟ್ ಡೌನ್ ಮಾಡಿ, ದೀಪವೆಲ್ಲ ಆರಿದ ಮೇಲೆ ಅಡಾಪ್ಟರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಡಿಎಸ್220 ಪ್ಲಸ್, 920 ಪ್ಲಸ್ ತರದವುಗಳಲ್ಲಿ ಸ್ಲಾಟ್ ಇರುವುದು ಡಿಸ್ಕ್ ಗೂಡಿನ ಒಳಗೋಡೆಯಲ್ಲಿ, ಹಾಗಾಗಿ ಡಿಸ್ಕ್‌ಗಳನ್ನು ಹೊರತೆಗೆಯಬೇಕು. ತೆಗೆಯುವಾಗಲೇ ಟ್ರೇ ಮೇಲೆ 1, 2, 3, 4 ಎಂದು ಬರೆದಿಡಿ. ಬೇರೆ ಕೆಲವು ಯಂತ್ರಗಳ ಹೊಟ್ಟೆಯಡಿ ಮುಚ್ಚಳ ಇರುತ್ತದೆ.

ಸೋಡಿಮ್ ಸ್ಟಿಕ್ಕನ್ನು ನೇರ ಒತ್ತಬಾರದು. ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಕಚ್ಚು ಹೊಂದಿಸಿ, ಚಿನ್ನದ ಹಲ್ಲುಗಳು ಹೆಚ್ಚುಕಡಿಮೆ ಪೂರ್ತಿ ಮರೆಯಾಗುವವರೆಗೆ ಒಳದೂಡಬೇಕು. ಆಮೇಲೆ ಮೇಲಿನ ಅಂಚನ್ನು ಬಗ್ಗಿಸಿದರೆ ಎರಡೂ ಬದಿಯ ಲೋಹದ ಕೊಕ್ಕೆ ಟಕ್ಕೆಂದು ಹಿಡಿಯುತ್ತದೆ. ಚಿನ್ನದ ಗೆರೆ ದಪ್ಪಗೆ ಕಾಣುತ್ತಿದ್ದರೆ ಇನ್ನೂ ಕೂತಿಲ್ಲ. ಸರಿಯಾದ ಸ್ಟಿಕ್ ಹಾಕಿದ ಮೇಲೂ ಏಳದ ಯಂತ್ರಗಳಲ್ಲಿ ದೊಡ್ಡ ಪಾಲು ಇದೊಂದೇ ಕಾರಣದಿಂದ, ಯಾಕೆಂದರೆ ಇಕ್ಕಟ್ಟಾದ ಗೂಡಿನೊಳಗೆ ಬೆರಳಿಗೆ ಬಲ ಸಿಗುವುದಿಲ್ಲ. ಹಲ್ಲುಗಳ ಮೇಲೆ ಬೆರಳು ತಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಗೆ ತೆರೆದಿಟ್ಟ ಹಳೆ ಯಂತ್ರವಾದರೆ ಸ್ಲಾಟಿನ ಒಳಗೂ ಒಮ್ಮೆ ಬೆಳಕು ಬಿಟ್ಟು ನೋಡಿ, ಹಸಿರು ಪಾಚಿಯಂಥ ಕಲೆ ಇದ್ದರೆ ಹೊಸ ಸ್ಟಿಕ್ಕೂ ತೊಂದರೆ ಕೊಡುತ್ತದೆ.

ಡಿಸ್ಕ್ ವಾಪಸ್ ಹಾಕುವ ಮುಂಚೆಯೇ ಆನ್ ಮಾಡಿ ನೋಡಬಹುದು. ರ‍್ಯಾಮ್ ಸರಿಯಿದ್ದರೆ ಡಿಸ್ಕ್ ಇಲ್ಲದೆಯೂ ಸಿನಾಲಜಿ ಒಮ್ಮೆ ಬೀಪ್ ಮಾಡುತ್ತದೆ. ಪವರ್ ದೀಪ ಮಿನುಗುತ್ತಲೇ ಇದ್ದು ಬೀಪ್ ಬಾರದಿದ್ದರೆ ಆಫ್ ಮಾಡಿ, ಮತ್ತೆ ಕೂರಿಸಿ. ಆಗಲೂ ಆಗದಿದ್ದರೆ ಹೊಸದನ್ನು ತೆಗೆದು ಹಳೆಯದರಲ್ಲಿ ಏಳುತ್ತದೆಯೇ ನೋಡಿ. ಡಿಡಿಆರ್5 ಯಂತ್ರಗಳು ಹೊಸ ಸ್ಟಿಕ್ ಹಾಕಿದ ಮೊದಲ ಸಲ ಮೆಮೊರಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ, ಅಲ್ಲಿ ಅವಸರಪಟ್ಟು ಪ್ಲಗ್ ಕೀಳಬೇಡಿ.

ಪರೀಕ್ಷೆ, ಆಮೇಲಿನ ತೊಂದರೆಗಳು

ಯಂತ್ರ ಎದ್ದು ಪೂರ್ತಿ ಜಿಬಿ ತೋರಿಸಿತು ಎಂದರೆ ಸ್ಟಿಕ್ ಸರಿಯಿದೆ ಎಂದಲ್ಲ. ಕೆಟ್ಟ ರ‍್ಯಾಮ್ ಇರುವ ನ್ಯಾಸ್ ಸದ್ದಿಲ್ಲದೆ ಫೈಲ್ ಕೆಡಿಸುತ್ತದೆ. ಲ್ಯಾಪ್‌ಟಾಪ್ ಆದರೆ ಹ್ಯಾಂಗ್ ಆಗಿ ಗೊತ್ತಾಗುತ್ತದೆ, ಇಲ್ಲಿ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಪರದೆ ಜೋಡಿಸಬಹುದಾದ ಯಂತ್ರವಾದರೆ ಮೆಮ್‌ಟೆಸ್ಟ್86 ಪ್ಲಸ್ ಪೆನ್‌ಡ್ರೈವ್‌ಗೆ ಹಾಕಿ, ನಾಲ್ಕು ಸುತ್ತು ಮುಗಿಯುವವರೆಗೆ ಬಿಡಿ. ಸಿನಾಲಜಿಗೆ ಪರದೆ ಇಲ್ಲ. ಕಂಪ್ಯೂಟರ್‌ನಲ್ಲಿ ಸಿನಾಲಜಿ ಅಸಿಸ್ಟೆಂಟ್ ಹಾಕಿ, ಅದರ ಪ್ರಿಫರೆನ್ಸ್‌ನಲ್ಲಿ ಮೆಮೊರಿ ಟೆಸ್ಟ್ ಆನ್ ಮಾಡಿ, ಅಲ್ಲಿಂದ ನಡೆಸಬೇಕು. ಗಂಟೆಗಟ್ಟಲೆ ನಡೆಯುತ್ತದೆ, ಅಷ್ಟು ಹೊತ್ತು ನ್ಯಾಸ್ ಸಿಗುವುದಿಲ್ಲ, ರಾತ್ರಿ ಹಚ್ಚಿ ಮಲಗುವುದು ಲೇಸು. ಒಂದೇ ಒಂದು ದೋಷ ಬಂದರೂ ಸ್ಟಿಕ್ ವಾಪಸ್. ‘ಒಂದು ಬಿಟ್ ತಾನೇ’ ಎಂದು ಇಟ್ಟುಕೊಳ್ಳುವ ಜಾಗ ಇದಲ್ಲ.

ಝಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಫೈಲ್ ವ್ಯವಸ್ಥೆ ಇದ್ದರೆ ಹೊಸ ಸ್ಟಿಕ್ಕಿನ ಮೊದಲ ವಾರ ಕಳೆದ ಮೇಲೆ ಒಂದು ಸ್ಕ್ರಬ್ (ಎಲ್ಲ ಡೇಟಾ ಓದಿ ಸರಿಯಿದೆಯೇ ನೋಡುವ ಕೆಲಸ) ಓಡಿಸಿ. ಒಂದೇ ಡಿಸ್ಕಿನಲ್ಲಿ ಚೆಕ್‌ಸಮ್ ದೋಷ (ಡೇಟಾ ಅದರ ಪರೀಕ್ಷಾ ಸಂಖ್ಯೆಗೆ ತಾಳೆಯಾಗದಿರುವುದು) ಬಂದರೆ ಡಿಸ್ಕ್ ಅಥವಾ ಅದರ ಕೇಬಲ್ ಅನುಮಾನಿಸಿ. ಎಲ್ಲ ಡಿಸ್ಕ್‌ಗಳಲ್ಲೂ ಒಮ್ಮೆಗೇ ಚೂರು ಚೂರು ದೋಷ ಬಂದರೆ ರ‍್ಯಾಮ್ ಅಥವಾ ಡಿಸ್ಕ್ ಕಂಟ್ರೋಲರ್ ಕಡೆ ತಿರುಗಿ. ಸ್ಕ್ರಬ್ ನಿಲ್ಲಿಸಿ, ಹೊಸ ಸ್ಟಿಕ್ ತೆಗೆದು, ರ‍್ಯಾಮ್ ಪರೀಕ್ಷಿಸಿ ಆಮೇಲೆ ಮುಂದುವರಿಸಿ.

ಇನ್ನೊಂದು ವಿಷಯ ಕರೆಂಟು ಹೋಗಿ ಬರುವ ಊರುಗಳವರಿಗೆ ಮುಖ್ಯ. ಲಿನಕ್ಸ್‌ನ ಮೂಲ ಸೆಟ್ಟಿಂಗ್ ಪ್ರಕಾರ, ಡಿಸ್ಕಿಗೆ ಇನ್ನೂ ಬರೆಯದ ಡೇಟಾ ಲಭ್ಯ ರ‍್ಯಾಮಿನ 20 ಶೇಕಡಾ ತಲುಪುವವರೆಗೆ ರ‍್ಯಾಮಿನಲ್ಲೇ ಕಾಯಬಹುದು. 4 ಜಿಬಿ ಯಂತ್ರದಲ್ಲಿ ಅದು ಮುಕ್ಕಾಲು ಜಿಬಿಯಷ್ಟು, 32 ಜಿಬಿಯಲ್ಲಿ ಆರು ಜಿಬಿಗೂ ಮೇಲೆ. ಅಂದರೆ ರ‍್ಯಾಮ್ ಹೆಚ್ಚಾದಷ್ಟೂ ಪ್ಲಗ್ ಹೋದ ಕ್ಷಣ ಕಳೆದುಹೋಗಬಹುದಾದ ಡೇಟಾವೂ ಹೆಚ್ಚು. ಯುಪಿಎಸ್ ಇಲ್ಲದಿದ್ದರೆ ಮೊದಲು ಅದಕ್ಕೆ ದುಡ್ಡು ಹಾಕಿ. ಯುಎಸ್‌ಬಿ ತಂತಿಯಿಂದ ನ್ಯಾಸ್‌ಗೆ ಜೋಡಿಸುವಂಥದೇ ಬೇಕು, ಬ್ಯಾಟರಿ ಇಳಿದಾಗ ನ್ಯಾಸ್ ತಾನೇ ಶಟ್ ಡೌನ್ ಆಗಲು. ಮನೆಯ ಇನ್ವರ್ಟರ್ ಸಾಲದು, ಅದು ಬದಲಾಗುವ ಆ ಒಂದು ಮಿಣುಕಿಗೇ ಕೆಲವು ಅಡಾಪ್ಟರ್‌ಗಳು ಯಂತ್ರವನ್ನು ರೀಸ್ಟಾರ್ಟ್ ಮಾಡಿಸುತ್ತವೆ.

ಹೊರತೆಗೆದ ಹಳೆಯ ಸ್ಟಿಕ್ಕನ್ನು ಮಾರಿಬಿಡಬೇಡಿ. ನ್ಯಾಸ್‌ನ ವಾರಂಟಿ ಮುಗಿಯುವವರೆಗೆ ಆಂಟಿಸ್ಟ್ಯಾಟಿಕ್ ಪೊಟ್ಟಣದಲ್ಲಿ ಹಾಕಿ, ಮಾದರಿಯ ಹೆಸರು ಬರೆದು ಎತ್ತಿಡಿ. ಸರ್ವಿಸ್‌ಗೆ ಕಳಿಸುವಾಗ ಹೊಸದನ್ನು ತೆಗೆದು ಅದನ್ನೇ ಹಾಕಿ ಕಳಿಸಿ. ಬದಲಿ ಯಂತ್ರ ಕೊಟ್ಟರೆ ಹಳೆಯದರೊಳಗಿದ್ದ ನಿಮ್ಮ ಸ್ಟಿಕ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.